ಮುಂಚೆ ಬಂದ ದನಿ

ಟಿ. ನಗರದ ಒಂದು ಒಳರಸ್ತೆಯಲ್ಲಿ ಕೆಳಗೆ ಪಾತ್ರೆ ಅಂಗಡಿ, ಮೇಲೆ ನಮ್ಮ ಕನ್ನಡ ಬಳಗ. ಅಲ್ಲಿ ಪುಸ್ತಕದ ಬೀರುಗಳು ಐದು, ಕ್ಯಾಸೆಟ್ಟಿನ ಬೀರು ಒಂದು. ಐದು ಬೀರುಗಳ ಬೀಗದ ಕೈ ಎಲ್ಲಿ ಎಂದು ಕೇಳಿದರೆ ಕಮಿಟಿಯವರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಆರನೆಯದರ ಬೀಗದ ಕೈ ಮಾತ್ರ ಸದಾ ಜಯಲಕ್ಷ್ಮಿಯವರ ಸೊಂಟದಲ್ಲಿರುತ್ತಿತ್ತು. ಬಳಗದಲ್ಲಿ ಎಲ್ಲರಿಗೂ ಆಕೆ ಮಾಮಿ. ನಾವೂ ಹಾಗೇ ಕರೆಯೋಣ. ಜಯಲಕ್ಷ್ಮಿ ಎಂದು ಕೂಗಿದರೆ ಆಕೆ ತಿರುಗಿ ನೋಡುತ್ತಿದ್ದುದೂ ಅನುಮಾನವೇ.

ಮಾಮಿಯ ಮನೆತನ ಮದ್ರಾಸಿಗೆ ಬಂದು ಐದು ತಲೆಮಾರಾಗಿತ್ತು. ಮನೆಯಲ್ಲಿ ಮಾಧ್ವರ ಕನ್ನಡ, ಬೀದಿಯಲ್ಲಿ ತಮಿಳು, ತಿರುವಲ್ಲಿಕ್ಕೇಣಿಯ ಶಾಲೆಯಲ್ಲೂ ತಮಿಳೇ. ಹೀಗಾಗಿ ಕನ್ನಡ ನಾಲಿಗೆಗೆ ಹತ್ತಿತೇ ಹೊರತು ಕಣ್ಣಿಗೆ ಹತ್ತಲಿಲ್ಲ. ಅಕ್ಷರ ಕೂಡಿಸಿ ಒಂದು ಸಾಲು ಓದುವಷ್ಟರಲ್ಲಿ ಕೈಯಲ್ಲಿನ ಕಾಫಿ ಆರಿ ಹೋಗುತ್ತಿತ್ತು. ಇದನ್ನು ಆಕೆ ಮುಚ್ಚಿಟ್ಟವರೂ ಅಲ್ಲ. "ನಂಗೆ ಕನ್ನಡ ಕಿವೀಲಿ ಮಾತ್ರ ಬರತ್ತೆ, ಏನ್ ಮಾಡೋದು ಹೇಳಿ" ಎಂದು ನಕ್ಕುಬಿಡುತ್ತಿದ್ದರು.

ಬಳಗದಲ್ಲಿ ಒಂದು ಪದ್ಧತಿಯಿತ್ತು. ಲೇಖಕರನ್ನು ಭಾಷಣಕ್ಕೆ ಕರೆಯುತ್ತಿರಲಿಲ್ಲ. ನಿಮ್ಮದನ್ನೇ ನೀವು ಓದಿ ಎಂದು ಕೂರಿಸುತ್ತಿದ್ದರು. ಓದಿದ್ದನ್ನು ಮಾಮಿ ಕ್ಯಾಸೆಟ್ಟಿಗೆ ತುಂಬುತ್ತಿದ್ದರು. ತಿಂಗಳ ಎರಡನೆಯ ಶನಿವಾರ ಸಂಜೆ ನಾಲ್ಕಕ್ಕೆ ಅವುಗಳಲ್ಲೊಂದನ್ನು ಹಾಕಿ ಎಲ್ಲರೂ ಕೂತು ಕೇಳುವುದು. ಮಿಕ್ಕವರು ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು, ದನಿ ಹೋದಂತೆ ಸಾಲಿನ ಕೆಳಗೆ ಬೆರಳು ಸರಿಸುತ್ತಿದ್ದರು. ಲೇಖಕರು ಒಂದು ಪದ ಬಿಟ್ಟರೆ ಸಾಕು, ಪಕ್ಕದವರನ್ನು ಮೊಣಕೈಯಿಂದ ತಿವಿಯುತ್ತಿದ್ದರು. ಬರೆದವನೇ ಪರೀಕ್ಷೆಗೆ ಕೂತಿದ್ದಾನೇನೋ ಅನ್ನುವಂತೆ! ಮಾಮಿಯ ಕೈ ಖಾಲಿ. ಆಕೆ ಕಣ್ಣು ಮುಚ್ಚಿ ಕೂರುತ್ತಿದ್ದರು. ಯಾವ ಲೇಖಕರು ಯಾವ ಮಾತಿಗೆ ಮುಂಚೆ ಉಸಿರೆಳೆದುಕೊಳ್ಳುತ್ತಾರೆ, ಯಾರು ತಮ್ಮ ಹಾಸ್ಯಕ್ಕೆ ತಾವೇ ಮೊದಲು ನಗುತ್ತಾರೆ, ತಾಯಿಯ ಪಾತ್ರ ಬಂದಾಗ ಯಾರ ದನಿ ಮೆತ್ತಗಾಗುತ್ತದೆ, ಇವೆಲ್ಲ ಆಕೆಗೆ ಬಾಯಿಪಾಠ. ನಲವತ್ಮೂರು ಕ್ಯಾಸೆಟ್ಟುಗಳಲ್ಲಿ ಯಾವುದನ್ನು ಎಲ್ಲಿಂದ ಹಾಕಿದರೂ ಮೂರು ಮಾತಿನೊಳಗೆ ಇಂಥವರದು, ಇಂಥ ಕತೆ ಎನ್ನುತ್ತಿದ್ದರು.

ಅಂಥ ಕಿವಿ ಸುಮ್ಮನೆ ಬಂದದ್ದಲ್ಲ. ಮಾಮಿ ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಟ್ರಂಕ್ ಕಾಲ್ ಆಪರೇಟರ್ ಆಗಿದ್ದವರು. ಕಿವಿಗೆ ಹೆಡ್‌ಫೋನು, ಎದುರಿಗೆ ಸಾಲುಸಾಲು ತೂತುಗಳ ಬೋರ್ಡು. ಒಂದೇ ಲೈನಿನಲ್ಲಿ ಮೂರು ಊರಿನ ಗದ್ದಲ ಬೆರೆತು ಬರುವಾಗ, ಎಲ್ಲಕ್ಕೂ ಹಿಂದೆ ಉಸಿರಿನಷ್ಟೇ ಇರುವ ಒಂದು ಹಲೋ ಅನ್ನು ಅಕ್ಕಿಯೊಳಗಿನ ಕಲ್ಲಿನಂತೆ ಹೆಕ್ಕಬೇಕು. ಸಾವು, ಸಂಬಂಧ, ಜಗಳ, ಕದ್ದು ಆಡಿದ ಪ್ರೀತಿಯ ಮಾತು, ಎಲ್ಲವೂ ಆ ಕಿವಿಯನ್ನು ಹಾದುಹೋಗಿದ್ದವು. ಕೆಲಸಕ್ಕೆ ಸೇರಿದ ದಿನ ಮೇಲ್ವಿಚಾರಕಿ ಹೇಳಿದ್ದು ಒಂದೇ ಮಾತು: ಬೋರ್ಡಿನಲ್ಲಿ ಕೇಳಿದ್ದನ್ನು ಬೋರ್ಡಿನಲ್ಲೇ ಬಿಟ್ಟು ಮನೆಗೆ ಹೋಗಬೇಕು. ಮಾಮಿ ಅದನ್ನು ವ್ರತದಂತೆ ಪಾಲಿಸಿದರು. ಸ್ವಂತ ನಾದಿನಿಯ ಮಗಳ ಸಂಬಂಧ ಮುರಿದ ಸುದ್ದಿಯನ್ನು ಲೈನಿನಲ್ಲಿ ಕೇಳಿಯೂ, ಮೂರು ದಿನದ ಮೇಲೆ ಅದು ಮನೆಗೆ ಬಂದಾಗ "ಅಯ್ಯೋ, ಹೌದಾ!" ಎಂದವರು ಆಕೆ. "ಇವಳ ಹೊಟ್ಟೆಗೆ ಬಿದ್ದ ಮಾತು ಬಾವಿಗೆ ಬಿದ್ದ ಕಲ್ಲು" ಎನ್ನುತ್ತಿದ್ದರು ಗಂಡ ಹರಿದಾಸರಾಯರು. ಹೊಗಳಿಕೆಯೋ ದೂರೋ ಅವರಿಗೇ ಗೊತ್ತು.

ನಿವೃತ್ತಿಯಾದ ಮೇಲೆ ಆ ಶಿಸ್ತೆಲ್ಲ ಬಳಗದ ಟೇಪ್ ರೆಕಾರ್ಡರಿಗೆ ಬಂತು. ಓದು ನಾಲ್ಕಕ್ಕಿದ್ದರೆ ಮಾಮಿ ಮೂರಕ್ಕೇ ಹಾಜರು. ಮೇಜು ತಟ್ಟಿದ ಸದ್ದು ಏರಬಾರದೆಂದು ಮೈಕಿನ ಕೆಳಗೆ ಮಡಿಸಿದ ಟವೆಲು. ಫ್ಯಾನ್ ಬಂದ್, ಜನ ಬೆವರಿದರೆ ಬೆವರಲಿ. ತನ್ನ ರೆಕಾರ್ಡಿಂಗಿನಲ್ಲಿ ಒಂದು ಕುಂದು ತೋರಿಸಿ ನೋಡೋಣ ಎಂಬ ಹೆಮ್ಮೆ ಆಕೆಗಿತ್ತು. ಇದ್ದದ್ದು ಅದೊಂದೇ ಹೆಮ್ಮೆ. ಇನ್ನಾವುದಕ್ಕೂ ಬೀಗಿದ್ದನ್ನು ನಾನಂತೂ ಕಂಡಿಲ್ಲ.

ತಿರುಮಲಯ್ಯನವರು ಓದಿದ್ದು ತೊಂಬತ್ತೇಳರ ಅಕ್ಟೋಬರಿನಲ್ಲಿ. ರೈಲ್ವೆ ಕಚೇರಿಯಲ್ಲಿ ಗುಮಾಸ್ತರಾಗಿದ್ದು ಕೀಲ್ಪಾಕಿನಲ್ಲಿ ನೆಲೆಸಿದ್ದ ಕತೆಗಾರರು. ಬರೆದದ್ದು ಕಡಿಮೆ, ಬರೆದದ್ದೆಲ್ಲ ಗಟ್ಟಿ. ಕಪ್ಪು ಕನ್ನಡಕ ಹಾಕಿಕೊಂಡು, ಹೆಂಡತಿ ಲೀಲಮ್ಮನ ತೋಳು ಹಿಡಿದು ಮೆಟ್ಟಿಲು ಹತ್ತಿ ಬಂದರು. ವಯಸ್ಸಾಯಿತು, ಮೇಲೆ ಸಕ್ಕರೆ ಕಾಯಿಲೆ ಎಂದುಕೊಂಡರು ಜನ. ಅವರು ಪುಸ್ತಕ ಬಿಡಿಸಿ ಕೂತರು. ಹಿಂದೆಯೇ ಒಂದು ಸ್ಟೂಲಿನ ಮೇಲೆ ಲೀಲಮ್ಮ, ಕೈಯಲ್ಲಿ ಅದೇ ಪುಸ್ತಕದ ಇನ್ನೊಂದು ಪ್ರತಿ, ಸೆರಗು ತುಟಿಗೆ ಅಡ್ಡ. ಓದು ಶುರುವಾದದ್ದೇ ಆಕೆಯ ತುಟಿಯೂ ಅಲುಗಾಡತೊಡಗಿತು.

ಬಳಗದವರಿಗೆ ಅದರಲ್ಲಿ ಸೋಜಿಗವೇನೂ ಕಾಣಲಿಲ್ಲ. ನಮ್ಮ ಮನೆಗಳಲ್ಲಿ ಹಿರಿಯರು ಪಾರಾಯಣಕ್ಕೆ ಕೂತರೆ ಹಿಂದೆ ಕೂತ ಹೆಂಗಸರು ತಾವೂ ಮೆಲ್ಲಗೆ ಹೇಳಿಕೊಳ್ಳುವುದುಂಟಲ್ಲ, ಇದೂ ಹಾಗೇ ಎಂದುಕೊಂಡರು. "ಗಂಡನ ಕತೆಗೇ ಪಾರಾಯಣ! ಎಂಥ ಪತಿಭಕ್ತಿ ನೋಡಿ" ಎಂದು ಕಾಫಿಯ ಹೊತ್ತಿಗೆ ಎಲ್ಲರೂ ಕೊಂಡಾಡಿದರು. ಮಾಮಿಯೂ ಹೌದೆಂದರು.

ಅವತ್ತಿನ ಕತೆ ಒಬ್ಬ ರೈಲ್ವೆ ಗೇಟಿನ ಕಾವಲುಗಾರನದು. ಉರಿಬಿಸಿಲಿನಲ್ಲಿ ಒಬ್ಬ ಮನುಷ್ಯ ಹಳಿಯ ಗುಂಟ ಓಡಿ ಬರುತ್ತಾನೆ. ಆಸ್ಪತ್ರೆಯಲ್ಲಿರುವ ತಾಯಿಯನ್ನು ನೋಡಲು ಹಿಡಿಯಬೇಕಿದ್ದ ರೈಲು ಆಗಲೇ ದಾಟಿ ಹೋಗಿದೆ. ಪುಸ್ತಕದಲ್ಲಿ ಕಾವಲುಗಾರ ಏನೂ ಹೇಳುವುದಿಲ್ಲ, ಬಾವುಟ ಸುತ್ತಿ ಕಂಕುಳಲ್ಲಿಟ್ಟುಕೊಳ್ಳುತ್ತಾನೆ, ಅಷ್ಟೆ. ಅಂದು ತಿರುಮಲಯ್ಯನವರು ಅಲ್ಲಿ ತಡೆದು, "ಒಂಚೂರು ನೀರು ಕುಡೀರಿ. ಅವಸರ ಇಲ್ಲ" ಎಂದರು. ಕೇಳುತ್ತಿದ್ದವರಲ್ಲಿ ಇಬ್ಬರು ಮೂವರು ಕಣ್ಣೊರೆಸಿಕೊಂಡರು. ಲೇಖಕರು ಲೋಟ ಎತ್ತಿ ಕುಡಿದು ಕೆಳಗಿಟ್ಟು ಮುಂದುವರಿಸಿದರು. ಬೆರಳು ಸರಿಸುತ್ತಿದ್ದವರು ಈ ಮಾತು ಪುಸ್ತಕದಲ್ಲಿಲ್ಲ ಎಂದು ಕಂಡು ಬೆರಗಾದರು. ಬಳಗದ ಕಾರ್ಯದರ್ಶಿ ಸತ್ಯನಾರಾಯಣ ಮೈಸೂರು ಕಡೆಯವರು, ಬ್ಯಾಂಕ್ ಅಧಿಕಾರಿ, ಸಾಹಿತ್ಯವೆಂದರೆ ಪ್ರಾಣ. ಬಳಗದ ವಾರ್ಷಿಕ ಸಂಚಿಕೆಯಲ್ಲಿ ಆ ಒಂದು ಮಾತಿನ ಮೇಲೆ ಮೂರು ಪುಟ ಬರೆದರು: ಓದುವ ಗಳಿಗೆಯಲ್ಲಿ ಕತೆಗಾರನ ಕರುಣೆ ಹೇಗೆ ಉಕ್ಕಿತು, ಲೋಟ ಎತ್ತಿದ ಆ ಅಭಿನಯ ಎಷ್ಟು ಸಹಜ, ಹೀಗೆ. ಓದಿದವರು ತಲೆದೂಗಿದರು.

ತಿರುಮಲಯ್ಯನವರು ಎರಡು ಸಾವಿರದಲ್ಲಿ ತೀರಿಕೊಂಡರು. ಎರಡು ಸಾವಿರದ ನಾಲ್ಕರಲ್ಲಿ ಬಳಗ ಅವರ ಆ ಓದನ್ನು ಸೀಡಿಯಾಗಿ ತರಲು ಹೊರಟಿತು. ಬಿಡುಗಡೆಯ ಭಾನುವಾರವೂ ಗೊತ್ತಾಯಿತು. ಹಳೇ ಕ್ಯಾಸೆಟ್ಟನ್ನು ಚೊಕ್ಕಟ ಮಾಡುವ ಕೆಲಸ ಬಳಗಕ್ಕೆ ಹೊಸದಾಗಿ ಸೇರಿದ್ದ ವರುಣನಿಗೆ ಬಂತು. ಸೌಂಡಿನ ಸಾಫ್ಟ್‌ವೇರು ಬಲ್ಲವನು, ಒಳ್ಳೇ ಹುಡುಗ. ಒಂದು ಸಂಜೆ ಲ್ಯಾಪ್‌ಟಾಪ್ ತಂದು ಮಾಮಿಯನ್ನು ಕರೆದ.

"ಮಾಮಿ, ನಿಮ್ಮ ರೆಕಾರ್ಡಿಂಗ್ ಸೂಪರ್. ಟೇಪಿಂದೇ ಒಂದು ಡಿಫೆಕ್ಟು ಅಷ್ಟೆ. ವರ್ಷಗಟ್ಟಲೆ ಸುತ್ತಿಟ್ಟರೆ ಒಂದು ಸುತ್ತಿನ ಸದ್ದು ಪಕ್ಕದ ಸುತ್ತಿಗೆ ಅಂಟಿಕೊಳ್ಳತ್ತೆ. ಪ್ರತಿ ಮಾತಿಗೂ ಮುಂಚೆ ಅದೇ ಮಾತು ಸಣ್ಣಗೆ ಎಕೋ ಥರ ಬರ್ತಿದೆ. ಎರಡು ದಿನದಲ್ಲಿ ಒರೆಸಿಹಾಕ್ತೀನಿ. ಕೇಳಿ ನೋಡಿ" ಎಂದು ಹೆಡ್‌ಫೋನನ್ನು ಕೈಗಿತ್ತ.

ನಿವೃತ್ತಿಯಾದ ಎಂಟು ವರ್ಷದ ಮೇಲೆ ಮಾಮಿಯ ಕಿವಿಗೆ ಹೆಡ್‌ಫೋನು ಬಿದ್ದಿತ್ತು. ಶನಿವಾರಗಳಲ್ಲಿ ಸ್ಪೀಕರಿನಲ್ಲಿ ಕೇಳುವಾಗ ಹಿಂದಿನ ಗುನುಗು ಗುನುಗಾಗಿಯೇ ಉಳಿದಿತ್ತು. ಈಗ ಹಳೇ ಆಪರೇಟರ್ ಎದ್ದು ಕೂತಳು. ಮುಂದಿನ ದೊಡ್ಡ ದನಿಯನ್ನು ಪಕ್ಕಕ್ಕೆ ಸರಿಸಿ ಹಿಂದಿನ ಸಣ್ಣದನ್ನು ಹಿಡಿದಳು. ಅದು ಎಕೋ ಅಲ್ಲ, ಹೆಣ್ಣು ದನಿ. ಪಾರಾಯಣ ಮಾಡುವವರು ಹಿಂದಿನಿಂದ ಹೇಳುತ್ತಾರೆ. ಈ ದನಿ ಮುಂಚೆ ಹೇಳುತ್ತಿತ್ತು. "ಕಾವಲುಗಾರ ಗೇಟಿನ ಸರಪಳಿ ಬಿಚ್ಚಿದ" ಎಂದಿತು ಹೆಣ್ಣು ದನಿ. "ಕಾವಲುಗಾರ ಗೇಟಿನ ಸರಪಳಿ ಬಿಚ್ಚಿದ" ಎಂದರು ತಿರುಮಲಯ್ಯನವರು. ಸಾಲಾದ ಮೇಲೆ ಸಾಲು ಹಾಗೆಯೇ. ಕೊನೆಗೆ ಆ ಜಾಗ ಬಂತು. ಒಣಗಿದ ಗಂಟಲಿನ ಗಂಡು ಕೆಮ್ಮು. ಬೆನ್ನಿಗೇ ಹೆಣ್ಣು ದನಿ, ಓದುವ ದನಿಯಲ್ಲ, ಗಾಬರಿಯ ದನಿ: "ಒಂಚೂರು ನೀರು ಕುಡೀರಿ. ಅವಸರ ಇಲ್ಲ." ಪಾಪ, ಆ ಮನುಷ್ಯ ಅದನ್ನೂ ಕತೆಯ ಸಾಲೆಂದು ತಿಳಿದು ಗಟ್ಟಿಯಾಗಿ ಹೇಳಿಬಿಟ್ಟು, ಆಮೇಲೆ ಗೊತ್ತಾಗಿ ಲೋಟಕ್ಕೆ ಕೈಹಾಕಿದ್ದರು.

ಮಾಮಿಗೆ ಎಲ್ಲ ಅರ್ಥವಾಯಿತು. ಕಪ್ಪು ಕನ್ನಡಕ, ತೋಳು ಹಿಡಿದ ಕೈ, ಎರಡನೆಯ ಪ್ರತಿ. ತಿರುಮಲಯ್ಯನವರಿಗೆ ಕಣ್ಣು ಕಾಣುತ್ತಿರಲಿಲ್ಲ. ಅವತ್ತು ಆ ಹಾಲಿನಲ್ಲಿ ಓದಿದವರು ಲೀಲಮ್ಮ.

"ಎಕೋ ತಾನೇ ಮಾಮಿ?"

"ಕೊಂಜ ಇರಪ್ಪಾ. ಒಂದು ವಾರ ಇದನ್ನ ಮುಟ್ಟಬೇಡ."

"ಯಾಕೆ ಮಾಮಿ?"

ಯಾಕೆ ಎಂದು ಹೇಳುವುದು ಹೇಗೆ? ಅತ್ತ ದರಿ, ಇತ್ತ ಪುಲಿ. ಬಾಯಿ ಬಿಟ್ಟರೆ, ಸತ್ತ ಮನುಷ್ಯ ಲೋಕದಿಂದ ಮುಚ್ಚಿಟ್ಟ ಗುಟ್ಟು ರಟ್ಟು. ಸುಮ್ಮನಿದ್ದರೆ ಲೀಲಮ್ಮನ ದನಿ ಧೂಳು ಒರೆಸಿದಂತೆ ಒರೆಸಿಹೋಗುತ್ತದೆ. ನಲವತ್ತೈದು ನಿಮಿಷ ಒಂದು ಸಾಲೂ ತಪ್ಪದೆ ಗಂಡನ ಬೆನ್ನ ಹಿಂದೆ ಕೂತು ಓದಿದ ಹೆಂಗಸು ಲೋಕದ ಲೆಕ್ಕಕ್ಕೆ ಟೇಪಿನ ಡಿಫೆಕ್ಟು! ಮಾಮಿಗೆ ಸಿಟ್ಟು ಬಂತು, ಅಳುವೂ ಬಂತು. ನಾಲ್ಕು ದಿನ ಹರಿದಾಸರಾಯರ ಎದುರೂ ಬಾಯಿ ಬಿಡಲಿಲ್ಲ. ಐದನೆಯ ದಿನ ಬೆಳಗ್ಗೆ, ಸಾರು ಕುದಿಯುವಾಗ, ಆಕೆಗೆ ಒಂದು ದಾರಿ ಕಂಡಿತು. ಲೈನಿನಲ್ಲಿ ಮಾತಾಡಿದವರಿಗೇ ಅವರ ಮಾತನ್ನು ತಿಳಿಸಿದರೆ ಅದು ಚಾಡಿಯಾಗದು. ಟೇಪ್ ರೆಕಾರ್ಡರನ್ನೂ ಆ ಕ್ಯಾಸೆಟ್ಟನ್ನೂ ಚೀಲಕ್ಕೆ ಹಾಕಿ ಆಟೋ ಹಿಡಿದು ಕೀಲ್ಪಾಕಿಗೆ ಹೊರಟರು.

ಲೀಲಮ್ಮ ಮಗಳ ಮನೆಯಲ್ಲಿದ್ದರು. ಮಗಳು ಕೆಲಸಕ್ಕೆ ಹೋಗಿದ್ದಳು. ಎಂಬತ್ತು ಸಮೀಪಿಸಿದ ಜೀವ, ಬೆನ್ನು ಬಾಗಿತ್ತು. "ಬನ್ನಿ ತಾಯಿ. ಜೋರಾಗಿ ಮಾತಾಡಿ, ಕಿವಿ ಪೂರ್ತಿ ಹೋಗಿದೆ" ಎಂದರು. ಮಾಮಿ ಹತ್ತಿರ ಕೂತು, ಸುತ್ತಿ ಬಳಸದೆ ಎಲ್ಲ ಹೇಳಿದರು. ಲೀಲಮ್ಮ ಸೀರೆಯ ಅಂಚನ್ನು ನೀವುತ್ತ ಹೇಳಿದರು:

"ಆ ಓದಿಗೆ ಎರಡು ವರ್ಷ ಮುಂಚಿನಿಂದಲೇ ಅವರಿಗೆ ಏನೂ ಕಾಣ್ತಿರಲಿಲ್ಲ. 'ನೋಡು ಲೀಲಾ, ಜನ ನನ್ನ ಕತೆ ಕೇಳಬೇಕು, ಕುರುಡ ಅಂತ ಅಯ್ಯೋ ಅನ್ನಬಾರದು. ಯಾರಿಗೂ ಹೇಳಲ್ಲ ಅಂತ ಮಾತು ಕೊಡು' ಅಂದ್ರು. ಕೊಟ್ಟೆ. ಆ ನೀರಿನ ಮಾತಿಗೆ ನನಗೆ ಜೀವವೇ ಹೋಯ್ತು ತಾಯಿ! ಆಟೋದಲ್ಲಿ ಅವರು ನಕ್ಕಿದ್ದೇ ನಕ್ಕಿದ್ದು. 'ನಲವತ್ತು ವರ್ಷ ಬರೆದೆ, ಜನ ಅತ್ತಿದ್ದು ಮಾತ್ರ ನಿನ್ನ ಮಾತಿಗೆ' ಅಂದ್ರು." ಆಕೆಯ ಮುಖ ಅರಳಿ ಮತ್ತೆ ಬಾಡಿತು. "ಅಳಿಸಿಬಿಡಿ. ಕೊಟ್ಟ ಮಾತು ಕೊಟ್ಟಿದ್ದೇ."

ಮಾಮಿ ಆ ಮಾತು ಕೇಳಲು ಬಂದಿರಲಿಲ್ಲ. ಆದರೆ ಕೊಟ್ಟ ಮಾತಿನ ಬೆಲೆ ಆಕೆಗೆ ಗೊತ್ತಿಲ್ಲದ್ದಲ್ಲ. "ಶರಿ ಲೀಲಮ್ಮನವರೇ. ಕಂಡಿಪ್ಪಾ, ಖಂಡಿತ ಅಳಿಸಿಬಿಡ್ತಾರೆ" ಎಂದು ಎದ್ದರು.

"ಹೋಗೋಕೆ ಮುಂಚೆ ಒಂದ್ಸಲ ಕೇಳಿಸ್ತೀರಾ? ನನ್ನ ದನಿ ಹೇಗಿತ್ತೋ ನೋಡೋಣ."

ಮಾಮಿ ಟೇಪು ಹಾಕಿದರು. ಸದ್ದಿನ ತಿರುಪನ್ನು ತುದಿಗೆ ತಿರುಗಿಸಿದರು. ಗಂಡನ ದನಿ ಕೇಳಿದ್ದೇ ಲೀಲಮ್ಮ ಸೆಟೆದು ಕೂತರು. ಕಣ್ಣಲ್ಲಿ ನೀರು ತುಂಬಿತು. "ಅವರು ಕೇಳಿಸ್ತಾರೆ. ನಾನೆಲ್ಲಿ?" ಎಂದರು. ಕಿವಿಯ ಮಿಷನ್ ಹಾಕಿ ನೋಡಿದರು, ಅದು ಸಿಳ್ಳೆ ಹೊಡೆಯಿತು. ಟೇಪಿಗೆ ಕೆನ್ನೆಯೊತ್ತಿ ಕೂತರು. ಆ ಪಿಸುಮಾತು ಆ ಕಿವಿಗೆ ದಕ್ಕುವಂಥದ್ದಾಗಿರಲಿಲ್ಲ. "ನನಗೆ ನಾನೇ ಸಿಗಲಿಲ್ಲವಲ್ಲ ತಾಯಿ" ಎಂದು ಮಗುವಿನಂತೆ ನೋಡಿದರು.

ಮಾಮಿ ಟೇಪನ್ನು ಮೊದಲಿಗೆ ತಿರುಗಿಸಿದರು. ಲೀಲಮ್ಮನ ಪಕ್ಕಕ್ಕೆ ಸರಿದು, ಕಿವಿಗೆ ಬಾಯಿಟ್ಟು, ಟೇಪಿನೊಳಗಿನ ಪಿಸುಮಾತನ್ನು ಅದು ಬಂದ ಗಳಿಗೆಯಲ್ಲೇ ಗಟ್ಟಿಯಾಗಿ ಹೇಳತೊಡಗಿದರು. ಮಾಮಿ ಒಂದು ಸಾಲು ಹೇಳುವುದು, ಹಿಂದೆಯೇ ತಿರುಮಲಯ್ಯನವರು ಅದನ್ನೇ ಹೇಳುವುದು. ಹೀಗೆ ಐದಾರು ಸಾಲು ಹೋಗಿರಬೇಕು. ಲೀಲಮ್ಮ ಮಾಮಿಯ ಕೈ ಒತ್ತಿದರು, ನಿಲ್ಲಿಸಿ ಎಂಬಂತೆ. ಮುಂದಿನ ಸಾಲನ್ನು ಆಕೆಯೇ ಹೇಳಿದರು. ಪುಸ್ತಕವಿಲ್ಲ, ಏನಿಲ್ಲ. ಎಷ್ಟು ಸಲ ಓದಿ ಹೇಳಿದ್ದರೋ, ಕತೆ ನಾಲಿಗೆಯ ಮೇಲೆ ಕೂತಿತ್ತು. ಆಕೆ ಹೇಳಿದ್ದನ್ನು, ಸತ್ತು ನಾಲ್ಕು ವರ್ಷವಾದ ಗಂಡ ಟೇಪಿನೊಳಗಿಂದ ವಿಧೇಯನಾಗಿ ಹೇಳಿದ. ಇನ್ನೊಂದು ಸಾಲು, ಇನ್ನೊಂದು. ಹೆಂಡತಿ ಮುಂದೆ, ಗಂಡ ಹಿಂದೆ. ಮಾಮಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತರು. ಜನ್ಮದಲ್ಲಿ ಎಷ್ಟೋ ಮಾತು ಕೇಳಿದ ಕಿವಿ, ಅಂಥದ್ದನ್ನು ಎಂದೂ ಕೇಳಿರಲಿಲ್ಲ.

ಕ್ಯಾಸೆಟ್ಟಿನ ಒಂದು ಮಗ್ಗುಲು ಮುಗಿದು ಗುಂಡಿ ಟಕ್ಕೆಂದು ಮೇಲೆದ್ದಿತು. ಲೀಲಮ್ಮ ಕಣ್ಣೊರೆಸಿಕೊಂಡರು. ಆಮೇಲೆ ನೋಡಿ, ಆ ಮುದುಕಿಯ ಮುಖದಲ್ಲಿ ಒಂದು ಹಟ ಬಂತು.

"ಅಳಿಸಬೇಡಿ ತಾಯಿ. ಯಾರಿಗೂ ಹೇಳಲ್ಲ ಅಂತ ಮಾತು ಕೊಟ್ಟಿದ್ದೆ. ಕೇಳಿಸಲ್ಲ ಅಂತ ಕೊಟ್ಟಿರಲಿಲ್ಲ. ನಾನೂ ಹೇಳಲ್ಲ, ನೀವೂ ಹೇಳಬೇಡಿ. ಕಿವಿ ಇರೋರು ಕೇಳಿಕೊಳ್ಳಲಿ."

ಮಾಮಿ ವರುಣನಿಗೆ ಹೇಳಿದ್ದು ಇಷ್ಟೇ: "ಇದ್ದದ್ದು ಇದ್ದ ಹಾಗೆ ಹಾಕಪ್ಪಾ. ಕಾರಣ ಕೇಳಬೇಡ." ಹುಡುಗ ಮಾಮಿಯ ಮುಖ ನೋಡಿದ, ಕೇಳಲಿಲ್ಲ. ಅವನು ಒಳ್ಳೆಯವನೆಂದು ಆಗಲೇ ಹೇಳಿದೆನಲ್ಲ.

ಬಿಡುಗಡೆಯ ಭಾನುವಾರ ಹಾಲ್ ತುಂಬಿತ್ತು. ಲೀಲಮ್ಮನನ್ನು ಮುಂದಿನ ಸಾಲಿನಲ್ಲಿ ಕೂರಿಸಿದ್ದರು, ಪಕ್ಕದಲ್ಲಿ ಮಾಮಿ. ಹೊಸ ಸ್ಪೀಕರುಗಳಲ್ಲಿ ಸೀಡಿ ಹಾಕಿದರು. ದೊಡ್ಡ ಸ್ಪೀಕರುಗಳು ದಾಕ್ಷಿಣ್ಯ ನೋಡುವುದಿಲ್ಲ; ತಿರುಮಲಯ್ಯನವರ ಪ್ರತಿ ಮಾತಿಗೂ ಮುಂಚೆ ಗುಸುಗುಸು ಎದ್ದು ಬಂತು. ಜನ ಒಬ್ಬರನ್ನೊಬ್ಬರು ನೋಡಿದರು. ಓದು ಮುಗಿದದ್ದೇ ಹಿಂದಿನಿಂದ ಅಂದಾನಿಯವರು ಎದ್ದರು. ಬಳಗದ ಹಳೇ ಸದಸ್ಯರು, ಒಪ್ಪಿಕೊಳ್ಳುವುದಕ್ಕಿಂತ ಎದ್ದು ನಿಲ್ಲುವುದೇ ಅವರಿಗೆ ಪ್ರಿಯ.

"ಅಲ್ಲ ಸ್ವಾಮಿ, ಮೊದಲಿಂದ ಕೊನೇ ತನಕ ಅದೇನ್ರೀ ಪಿಸಿಪಿಸಿ? ಇದನ್ನ ಊರಿಗೆಲ್ಲ ಹಂಚೋದಾ? ಯಾರ ತಪ್ಪಿದು?"

ಸತ್ಯನಾರಾಯಣರ ಮುಖ ಕೆಂಪಾಯಿತು. ಅವರು ವರುಣನತ್ತ ತಿರುಗಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಬೀಳುವುದಿತ್ತು. ಅಷ್ಟರಲ್ಲಿ ಮಾಮಿ ಎದ್ದು ನಿಂತರು.

"ವರುಣನ್ನ ಬಯ್ಯಬೇಡಿ. ತಪ್ಪು ನನ್ನದು. ಅವತ್ತು ಮೈಕನ್ನ ನಾನು ಶರಿಯಾದ ಜಾಗದಲ್ಲಿ ಇಡಲಿಲ್ಲ."

ನಲವತ್ಮೂರು ಕ್ಯಾಸೆಟ್ಟುಗಳಲ್ಲಿ ಒಂದು ಕುಂದಿಲ್ಲದಾಕೆ, ತುಂಬಿದ ಸಭೆಯಲ್ಲಿ, ಇಲ್ಲದ ಕುಂದನ್ನು ತನ್ನ ಹೆಸರಿಗೆ ಬರೆಸಿಕೊಂಡರು. ಅಂದಾನಿಯವರು, "ಪಾಪ, ಮಾಮಿಗೂ ವಯಸ್ಸಾಯ್ತು ಬಿಡಿ" ಎಂದು ಕೂತರು. ಅದು ಬೈಗುಳಕ್ಕಿಂತ ಹೆಚ್ಚು ಚುಚ್ಚುವ ಮಾತು. ಸತ್ಯನಾರಾಯಣ ಮೈಕಿನಲ್ಲಿ ಬಹಳ ಮರ್ಯಾದೆಯಿಂದಲೇ ಸಾರಿದರು: ಮಾಮಿ ಇಷ್ಟು ವರ್ಷ ದುಡಿದಿದ್ದಾರೆ, ಇನ್ನು ಮುಂದೆ ರೆಕಾರ್ಡಿಂಗಿನ ಹೊಣೆಯನ್ನು ವರುಣ್ ನೋಡಿಕೊಳ್ಳುತ್ತಾರೆ. ಜನ ಚಪ್ಪಾಳೆ ತಟ್ಟಿದರು. ಮಾಮಿ ಕೈಮುಗಿದು ಕೂತರು. ಆಕೆಯ ಕಾಲಿಗೆ ಬೀಳಬೇಕಾದ ಹೊತ್ತು ಅದು, ಆದರೆ ಕಾರಣ ಗೊತ್ತಿದ್ದವರು ಆ ಹಾಲಿನಲ್ಲಿ ಯಾರಿದ್ದರು?

ಒಬ್ಬರಿದ್ದರು. ಆಕೆಗೆ ಈ ಮಾತುಕತೆಯೊಂದೂ ಕೇಳಿಸಿರಲಿಲ್ಲ. ಜನ ಎದ್ದು ಕೂತದ್ದು, ಕೈ ತಟ್ಟಿದ್ದು ಮಾತ್ರ ಕಂಡಿತ್ತು. ಲೀಲಮ್ಮ ಮಾಮಿಯ ಸೆರಗು ಹಿಡಿದೆಳೆದು ಆತಂಕದಿಂದ ಕೇಳಿದರು:

"ಏನಂದ್ರು ತಾಯಿ? ಏನಂದ್ರು ಅವರೆಲ್ಲ?"

ಮಾಮಿ ಬಾಗಿ ಆಕೆಯ ಕಿವಿಗೆ ಬಾಯಿಟ್ಟರು.

"ಕೇಳಿಸಿತಂತೆ ಲೀಲಮ್ಮನವರೇ. ಮೊದಲಿಂದ ಕೊನೇವರೆಗೂ ಕೇಳಿಸಿತಂತೆ."